ಹಳೆಯ ಕಾರು ಕೊಳ್ಳಲಿರುವ ನಿವೃತ್ತ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಬಹುಕಾಲದ ಕನಸಿನ ಹಳೆಯ ಕಾರನ್ನು ನಿವೃತ್ತಿಯ ಹಣದಲ್ಲಿ ಕೊಂಡು ದಿನನಿತ್ಯ ಓಡಿಸಬೇಕೆಂದಿರುವವರು ಮುಂಗಡ ಕೊಡುವ ಮೊದಲು ಒಂದು ನಿಯಮವನ್ನು ತಿಳಿದಿರಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ವಾಹನಗಳಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ದೊರೆಯುತ್ತದೆ. ಆದರೆ ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ.

ಆದ್ದರಿಂದ ತರಕಾರಿ ಮಾರುಕಟ್ಟೆಗೂ ಮೊಮ್ಮಕ್ಕಳ ಶಾಲೆಗೂ ಅದೇ ಕಾರಿನಲ್ಲಿ ಹೋಗುವ ಆಸೆಯುಳ್ಳವರಿಗೆ, ಸಾಮಾನ್ಯ ನೋಂದಣಿ ಚಾಲ್ತಿಯಲ್ಲಿರುವ 1980ರ ದಶಕದ ಪ್ರೀಮಿಯರ್ ಪದ್ಮಿನಿಯಂತಹ ಕಾರೇ ಸೂಕ್ತವೆಂಬುದು ನನ್ನ ದೃಢ ಅಭಿಪ್ರಾಯ. ಅದರ 1089 ಸಿಸಿ ಎಂಜಿನ್ನಿನ ರಚನೆ ಸರಳವಾದುದು. ಅನುಭವಿ ಮೆಕ್ಯಾನಿಕ್ ಒಬ್ಬರು ಊರಿನಲ್ಲಿದ್ದರೆ ಚಿಂತೆಯಿಲ್ಲ. ಎಂಜಿನ್ನಿಗಿಂತ ತಗಡನ್ನೇ ಹೆಚ್ಚು ಪರೀಕ್ಷಿಸಿರಿ, ಏಕೆಂದರೆ ಹೊಸ ಬಣ್ಣದ ಕೆಳಗೆ, ವಿಶೇಷವಾಗಿ ಕಾರಿನ ನೆಲದಲ್ಲೂ ಬಾಗಿಲುಗಳ ಕೆಳಅಂಚಿನಲ್ಲೂ, ತುಕ್ಕು ಅಡಗಿರುತ್ತದೆ. ಆರ್‌ಸಿ ನವೀಕರಣವಾಗಿದೆಯೇ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಅದರೊಂದಿಗೆ ಹೊಂದುತ್ತವೆಯೇ ಎಂಬುದನ್ನು ಸ್ವತಃ ನೋಡಿರಿ. ಈಗ ಬಂಕುಗಳಲ್ಲಿ ದೊರೆಯುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ರಬ್ಬರ್ ಕೊಳವೆಗಳು ಬೇಗ ಹಾಳಾಗುವ ಕಾರಣ ಅವನ್ನು ಮೊದಲೇ ಬದಲಾಯಿಸುವುದು ಒಳಿತು.

ಪವರ್ ಸ್ಟಿಯರಿಂಗ್ ಇಲ್ಲದ, ಬ್ರೇಕನ್ನು ಬಲವಾಗಿ ಒತ್ತಬೇಕಾದ ಕಾರು ಇದಾದುದರಿಂದ, ಮಂಡಿ ಅಥವಾ ಭುಜದ ನೋವಿರುವ ಸದಸ್ಯರು ಸಂಚಾರ ದಟ್ಟಣೆಯಲ್ಲಿ ಒಮ್ಮೆ ಓಡಿಸಿ ನೋಡಿದ ನಂತರವೇ ವ್ಯವಹಾರ ಮುಗಿಸಬೇಕೆಂದು ಕೋರುತ್ತೇನೆ.