ಯೊರೀಚಿ ಸೋತ ಅಂತ ಯಾರು ಹೇಳಿದ್ದು? ಮಗಳಿಗೊಂದು ಪತ್ರ

ಚಿನ್ನೂ,

ಮೊನ್ನೆ ಫೋನಿನಲ್ಲಿ 'ಡೀಮನ್ ಸ್ಲೇಯರ್' ಕಥೆಯ ಯೊರೀಚಿ ಬಗ್ಗೆ ನೀನು ಆಡಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಅಮ್ಮಾ, ಯೊರೀಚಿ ಅಷ್ಟು ದೊಡ್ಡ ಕತ್ತಿವೀರ, ಆದ್ರೆ ಕೊನೆಗೆ ಏನು ಮಾಡ್ದ ಹೇಳು? ರಾಕ್ಷಸರ ಒಡೆಯ ಮುಜಾನ್‌ನ ಮುಗಿಸೋಕೆ ಆಗ್ಲಿಲ್ಲ. ಹೆಂಡತೀನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಸ್ವಂತ ಅಣ್ಣನೇ ರಾಕ್ಷಸ ಆದ. ಸೋತ ಅಷ್ಟೇ" ಅಂದೆ. ಹಾಗಂದವಳು ತಕ್ಷಣ ನಿನ್ನ ಕ್ಲಾಸಿನ ಆ ಹುಡುಗಿಯ ವಿಷಯ ತೆಗೆದೆ. ಅವಳಿಗೆ ಒಂದು ಸಲ ನೋಡಿದರೆ ಸಾಕು ಎಲ್ಲ ಬರುತ್ತೆ, ನಾನು ಸುಮ್ನೆ ಯಾಕೆ ಒದ್ದಾಡ್ಬೇಕು ಅಂತ. ಎರಡು ಮಾತೂ ಒಂದೇ ಉಸಿರಿನಲ್ಲಿ ಬಂದವು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಇಷ್ಟುದ್ದ ಹಾಕಿದರೆ ನೀನು ಓದುವುದಿಲ್ಲ, ಹೆಬ್ಬೆರಳು ತೋರಿಸಿ ಮುಗಿಸುತ್ತೀಯ.

ಈ ಜಪಾನಿ ಕಥೆ 'ಡೀಮನ್ ಸ್ಲೇಯರ್' ಹುಚ್ಚು ಹಿಡಿಸಿದ್ದು ನೀನೇ ತಾನೇ. 2025ರ ಸೆಪ್ಟೆಂಬರಿನಲ್ಲಿ ಇನ್ಫಿನಿಟಿ ಕ್ಯಾಸಲ್ ಸಿನಿಮಾ ನಮ್ಮ ಕಡೆ ಬಂದಾಗ ಹಿಂದಿ, ತಮಿಳು, ತೆಲುಗು ಎಲ್ಲ ಇತ್ತು, ಕನ್ನಡ ಇರಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ, ಅದು ಬೇರೆ ವಿಷಯ. ಗೊಟೊಗೆ ಕೊಯೊಹಾರು ಅವರ ಮಾಂಗಾ, ಅಂದರೆ ಚಿತ್ರಕಥೆ ಪುಸ್ತಕ, 2016ರಿಂದ 2020ರವರೆಗೆ ನಡೆದು 205 ಅಧ್ಯಾಯಕ್ಕೆ ಮುಗಿಯಿತಲ್ಲ, ಅಷ್ಟರಲ್ಲಿ ಯೊರೀಚಿ ಕಾಣುವುದು ಕೆಲವೇ ಅಧ್ಯಾಯಗಳಲ್ಲಿ. ಕಥಾನಾಯಕ ತಂಜಿರೋ ಕತ್ತಿ ಹಿಡಿಯುವ ಹೊತ್ತಿಗೆ ಅವನು ಸತ್ತು ನಾನೂರು ವರ್ಷ ಆಗಿರುತ್ತದೆ. ಆದರೂ ಕಥೆಯ ತುಂಬ ಅವನೇ. ಅವನ ಕಿವಿಯ ಓಲೆ ನೋಡಿದರೆ ಮುಜಾನ್ ಇವತ್ತಿಗೂ ಬೆಚ್ಚುತ್ತಾನೆ. ಅವನು ಕೊಟ್ಟ ಗಾಯ ಆ ಮೈಯಲ್ಲಿ ನೂರಾರು ವರ್ಷ ಸುಡುತ್ತಲೇ ಇದೆ. ಕತ್ತಿ ಕಮ್ಮಾರರ ಹಳ್ಳಿಯಲ್ಲಿ ಅವನನ್ನೇ ನೋಡಿ ಮಾಡಿದ ಗೊಂಬೆ ಇದೆಯಲ್ಲ, ಅದಕ್ಕೆ ಆರು ಕೈ. ಒಬ್ಬ ಮನುಷ್ಯ ಎರಡು ಕೈಯಲ್ಲಿ ಮಾಡಿದ್ದನ್ನು ತೋರಿಸಲು ಗೊಂಬೆಗೆ ಆರು ಬೇಕಾಯಿತು!

ಸರಿ, ಇಷ್ಟು ದೊಡ್ಡವನ ಪಕ್ಕದಲ್ಲಿ ಬದುಕುವುದು ಹೇಗೆ? ನಿನ್ನ ಪ್ರಶ್ನೆ ನಿಜವಾಗಿ ಅದೇ ಅಲ್ವಾ?

ಯೊರೀಚಿಯ ಅಣ್ಣ ಮಿಚಿಕಾತ್ಸುನ ನೋಡು. ಅವಳಿ ಮಕ್ಕಳಲ್ಲಿ ದೊಡ್ಡವನು, ಮನೆಯ ವಾರಸುದಾರ. ಅವಳಿ ಅಂದರೆ ಅಪಶಕುನ ಅಂತ ಹುಟ್ಟಿದ ದಿನವೇ ತಮ್ಮನನ್ನು ಕೊಲ್ಲಲು ಹೊರಟಿದ್ದ ಅಪ್ಪ. ತಾಯಿ ಅಡ್ಡ ನಿಂತಳು. ಏಳು ವರ್ಷದವರೆಗೂ ಆ ಹುಡುಗ ಬಾಯೇ ಬಿಡಲಿಲ್ಲ. ಕಿವುಡ ಅಂದುಕೊಂಡ ತಾಯಿ ಸೂರ್ಯದೇವರಿಗೆ ಹರಕೆ ಹೊತ್ತು ಆ ಓಲೆ ಮಾಡಿ ಹಾಕಿದಳು. ಅಣ್ಣನಿಗೆ ಪಾಪ ಅನ್ನಿಸಿ ಒಂದು ಮರದ ಕೊಳಲು ಕೆತ್ತಿ ಕೊಟ್ಟ. ಸರಿಯಾಗಿ ಸ್ವರ ಕೂಡ ಬರದ ಕೊಳಲು. ಕಷ್ಟ ಬಂದರೆ ಊದು, ಅಣ್ಣ ಓಡಿ ಬರುತ್ತೇನೆ ಅಂದ. ಎಷ್ಟು ಒಳ್ಳೇ ಹುಡುಗ ನೋಡು ಆಗ!

ಆಮೇಲೆ ಒಂದು ದಿನ ತಮ್ಮ ಬಿದಿರಿನ ಕತ್ತಿ ಕೈಗೆ ತೆಗೆದುಕೊಂಡ. ಅಣ್ಣನ ಕೈಯಲ್ಲಿ ಒಂದೇ ಒಂದು ಏಟು ತಿನ್ನದ ಗುರುವಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಏಟು ಬಿತ್ತು. ಗುರು ಎಚ್ಚರ ತಪ್ಪಿ ಬಿದ್ದ. ತಮ್ಮನಿಗೆ ಅದರಲ್ಲಿ ಖುಷಿಯೇ ಇಲ್ಲ, ಮನುಷ್ಯರಿಗೆ ಹೊಡೆಯುವುದು ಇಷ್ಟವಾಗಲಿಲ್ಲ ಅಂದ, ಹೇಗೆ ಮಾಡಿದೆ ಅಂತ ಅಣ್ಣ ಕೇಳಿದರೆ ಗಾಳಿಪಟದ ಮಾತು, ಪಗಡೆಯಂಥ ಆಟದ ಮಾತು ತೆಗೆದ. ಅಣ್ಣನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದು ಅಲ್ಲೇ.

ನನ್ನ ಕೇಳಿದರೆ ಈ ಕಥೆಯಲ್ಲಿ ಜಾಸ್ತಿ ನೋವು ಕೊಡುವವನು ಯೊರೀಚಿ ಅಲ್ಲ, ಇವನು. ತಮ್ಮನ ಹಾಗಾಗಬೇಕು ಅಂತ ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟ. ಕತ್ತಿವೀರರಲ್ಲಿ ಮೈಮೇಲೆ ವಿಶೇಷ ಗುರುತು ಬಂದವರು ಇಪ್ಪತ್ತೈದು ದಾಟುವುದಿಲ್ಲ ಅಂತ ಗೊತ್ತಾದಾಗ, ಕಲಿತಿದ್ದೆಲ್ಲ ಮಣ್ಣಾಗುತ್ತದಲ್ಲ ಅಂತ ಹೆದರಿ ರಾಕ್ಷಸನಾದ. ಅದಕ್ಕೂ ಮೊದಲು ತಮ್ಮನನ್ನು ಕೇಳಿದ್ದ, ನಮ್ಮ ವಿದ್ಯೆ ನಮ್ಮ ಜೊತೆಗೇ ಮುಗಿಯುತ್ತದಲ್ಲ, ನಮಗೆ ಸರಿಸಾಟಿ ಯಾರೂ ಹುಟ್ಟಿಲ್ಲವಲ್ಲ ಅಂತ. ತಮ್ಮ ನಕ್ಕುಬಿಟ್ಟ. ನಾವೇನು ಅಷ್ಟು ವಿಶೇಷ ಅಲ್ಲಣ್ಣ, ನಮ್ಮನ್ನು ಮೀರಿಸುವವರು ಈಗಲೇ ಎಲ್ಲೋ ಹುಟ್ಟುತ್ತಿರಬಹುದು, ನಾವು ಆರಾಮಾಗಿ ಹೋಗಬಹುದು ಅನ್ನುವ ಅರ್ಥದಲ್ಲಿ ಏನೋ ಹೇಳಿದ. ಅಣ್ಣನಿಗೆ ಮೈ ಉರಿಯಿತು. ಅರವತ್ತಕ್ಕೂ ಹೆಚ್ಚು ವರ್ಷದ ಮೇಲೆ ಕೆಂಪು ಚಂದ್ರನ ರಾತ್ರಿ ಇಬ್ಬರೂ ಎದುರಾದಾಗ ತಮ್ಮನಿಗೆ ಎಂಬತ್ತು ದಾಟಿದೆ. ಅಣ್ಣನನ್ನು ನೋಡಿ ಮುದುಕನ ಕಣ್ಣಲ್ಲಿ ನೀರು. ಒಂದೇ ಏಟಿಗೆ ಅಣ್ಣನ ಕುತ್ತಿಗೆ ಹಾರಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ಎರಡನೇ ಏಟು ಬರಲೇ ಇಲ್ಲ. ನಿಂತಲ್ಲೇ ಜೀವ ಹೋಗಿತ್ತು. ಸಿಟ್ಟಿನಲ್ಲಿ ಹೆಣವನ್ನೇ ಕಡಿದ ಅಣ್ಣನಿಗೆ ಸಿಕ್ಕಿದ್ದು ಬಟ್ಟೆ ಚೀಲದಲ್ಲಿ ಎರಡು ತುಂಡಾದ ಅದೇ ಕೊಳಲು.

ಆ ತುಂಡುಗಳನ್ನು ಅವನೂ ಬಿಸಾಕಲಿಲ್ಲ ನೋಡು. ನಾನೂರು ವರ್ಷ ಇಟ್ಟುಕೊಂಡಿದ್ದ.

ಇನ್ನೊಬ್ಬ ಇದ್ದಾನೆ, ರೆಂಗೋಕು ಅಪ್ಪ ಶಿಂಜುರೊ. ಇವನಂತೂ ಯೊರೀಚಿಯನ್ನು ಕಣ್ಣಲ್ಲಿ ನೋಡಿದವನೂ ಅಲ್ಲ. ಮನೆಯಲ್ಲಿದ್ದ ಹಳೇ ಪುಸ್ತಕದಲ್ಲಿ ಯೊರೀಚಿಯ ಕತ್ತಿವಿದ್ಯೆ ಸನ್ ಬ್ರೀಥಿಂಗ್ ಬಗ್ಗೆ ಓದಿದ, ಉಳಿದ ಎಲ್ಲ ಬ್ರೀಥಿಂಗೂ ಅದರ ನಕಲು ಅಂತ ತಿಳಿಯಿತು, ಅಷ್ಟೇ, ಕೈ ಚೆಲ್ಲಿದ. ಹೆಂಡತಿಯೂ ತೀರಿಕೊಂಡ ಮೇಲೆ ಕುಡಿತಕ್ಕೆ ಬಿದ್ದ. ತಂಜಿರೋ ಕಿವಿಯಲ್ಲಿ ಯೊರೀಚಿಯ ಓಲೆ ನೋಡಿದ್ದೇ ತಡ ಹೊಡೆಯಲು ಬಂದ. ಅದೇ ಮನೆಯಲ್ಲಿ ಮಗ ಕ್ಯೊಜುರೊ ರೆಂಗೋಕು, ಅಪ್ಪ ಹೇಳಿಕೊಡದಿದ್ದರೂ ಮೂರೇ ಮೂರು ಪುಸ್ತಕ ಓದಿಕೊಂಡು ಹಶಿರಾ, ಅಂದರೆ ರಾಕ್ಷಸರನ್ನು ಬೇಟೆಯಾಡುವ ದಳದ ಮೇಲಿನ ದರ್ಜೆಯ ಕತ್ತಿವೀರ, ಆದ. ಮುಗೆನ್ ಟ್ರೈನ್ ಸಿನಿಮಾ ನೋಡಿ ನೀನು ಎಷ್ಟು ಅತ್ತೆ ಅಂತ ನನಗೆ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ.

ಈಗ ನಾನು ಹೇಳಬೇಕೆಂದಿದ್ದ ಹೆಂಗಸಿಗೆ ಬರುತ್ತೇನೆ. ಸುಯಾಕೊ. ನಿನಗೆ ಹೆಸರು ನೆನಪಿದೆಯೋ ಇಲ್ಲವೋ! ಅಭಿಮಾನಿಗಳು ಮಾಡುವ ವೀಡಿಯೋಗಳಲ್ಲಿ ಕತ್ತಿ, ಬೆಂಕಿ, ಮುಜಾನ್ ಸಾವಿರದ ಎಂಟುನೂರು ಚೂರಾಗಿ ಸಿಡಿದು ತಪ್ಪಿಸಿಕೊಂಡಿದ್ದು ಎಲ್ಲ ಇರುತ್ತದೆ, ಇವಳಿಗೆ ಯಾರೂ ಹಾಡು ಹಾಕಿದ್ದನ್ನು ನಾನು ನೋಡಿಲ್ಲ.

ಸುಯಾಕೊ ಗಂಡ ಸುಮಿಯೋಶಿ, ಇದ್ದಿಲು ಸುಟ್ಟು ಮಾರುವವನು. ತಂಜಿರೋ ಪೂರ್ವಿಕರು. ಅವಳು ಬಸುರಿಯಾಗಿದ್ದಾಗ ರಾಕ್ಷಸ ಮೇಲೆ ಬಿದ್ದ, ಯೊರೀಚಿ ಬಂದು ಕಾಪಾಡಿದ. ಅವಳಿಗೆ ಹೆಣ್ಣು ಮಗು ಹುಟ್ಟಿತು, ಸುಮಿರೆ. ಯೊರೀಚಿಯ ಹೆಂಡತಿ ಉತಾ ಹೆರಿಗೆ ಹೊತ್ತಿನಲ್ಲೇ ಹೊಟ್ಟೆಯ ಮಗುವಿನ ಜೊತೆ ರಾಕ್ಷಸನಿಗೆ ಬಲಿಯಾದವಳು, ಅವನು ಸೂಲಗಿತ್ತಿಯನ್ನು ಕರೆಯಲು ಹೋಗಿದ್ದಾಗ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಮುಂದಿನ ಪುಟಗಳು ಬೇರೆಯೇ ಥರ ಕಾಣುತ್ತವೆ.

ಅವನು ಮತ್ತೆ ಆ ಮನೆಗೆ ಬಂದಾಗ ದಳದಿಂದ ಹೊರಗೆ ಹಾಕಿಸಿಕೊಂಡಿದ್ದ. ಮುಜಾನ್‌ನನ್ನು ಬಿಟ್ಟ, ರಾಕ್ಷಸಿ ತಮಾಯೊಳನ್ನು ಬಿಟ್ಟ, ಅಣ್ಣ ರಾಕ್ಷಸನಾದ, ಮೂರು ಆರೋಪ. ಯಾರ ಹತ್ತಿರವೂ ಹೇಳಿಕೊಳ್ಳಲು ಇಲ್ಲದೆ ಇದ್ದಿಲು ಮಾರುವವನ ಹತ್ತಿರ ಹೇಳಿಕೊಂಡ. ಮುಜಾನ್‌ನನ್ನು ಮುಗಿಸಲು ಹುಟ್ಟಿದವನು ನಾನು, ಅದೇ ಆಗಲಿಲ್ಲ, ಇನ್ನು ಎಷ್ಟು ಜನ ಸಾಯುತ್ತಾರೋ ಅಂತ. ನೀನು ಫೋನಿನಲ್ಲಿ ಅಂದಿದ್ದನ್ನೇ ಅವನೂ ಅಂದ, ನೋಡು. ಸುಮಿಯೋಶಿಗೆ ಏನು ಹೇಳಬೇಕು ತೋಚಲಿಲ್ಲ. ಪುಟ್ಟ ಸುಮಿರೆ ಬಂದು ಎತ್ತಿಕೋ ಅಂದಳು. ನೀವು ಉದ್ದ ಇದ್ದೀರಲ್ಲ, ನೀವು ಎತ್ತಿಕೊಂಡರೆ ಅವಳಿಗೆ ಖುಷಿ, ಎತ್ತಿಕೊಳ್ಳಿ ಅಂದಳು ಸುಯಾಕೊ. ಅವನು ಎತ್ತಿಕೊಂಡ. ಮಗುವನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಇದೇ ಸುಯಾಕೊ, ನಿಮ್ಮ ಕತ್ತಿವರಸೆ ನೋಡಬೇಕು ಅಂತ ಕೇಳಿದವಳು. ಕಲಿಯಬೇಕು ಅಂತಲ್ಲ, ಸುಮ್ನೆ ನೋಡಬೇಕು ಅಂತ. ಅವನು ಒಂದೊಂದೇ ವರಸೆಯನ್ನು ಪೂರ್ತಿ ಮಾಡಿ ತೋರಿಸಿದ. ಎಷ್ಟು ಚೆಂದ ಅಂದರೆ ನೋಡುವವರಿಗೆ ಮಾತೇ ಹೊರಡಲಿಲ್ಲ. ಸುಮಿಯೋಶಿ ಕಣ್ಣು ಬಿಟ್ಟುಕೊಂಡು ಒಂದನ್ನೂ ಬಿಡದೆ ನೋಡಿದ, ನೆನಪಿಟ್ಟುಕೊಂಡ.

ಇಷ್ಟೇ ನಡೆದಿದ್ದು. ಸನ್ ಬ್ರೀಥಿಂಗ್ ಉಳಿದಿದ್ದು ಇದರಿಂದ ಮಾತ್ರ. ದಳದ ದೊಡ್ಡ ದೊಡ್ಡ ಕತ್ತಿವೀರರಿಗೆಲ್ಲ ಅವನು ಹೇಳಿಕೊಟ್ಟಿದ್ದ, ಅವರವರ ಮೈಗೆ ಹೊಂದುವ ಹಾಗೆ ನೀರು, ಗಾಳಿ, ಗುಡುಗು, ಕಲ್ಲು, ಜ್ವಾಲೆ ಅಂತ ಬೇರೆ ಬೇರೆ ಆಯಿತು, ಅದೂ ಒಂದು ಉಡುಗೊರೆಯೇ ಬಿಡು. ಆದರೆ ಮೂಲದ ವಿದ್ಯೆ ಯಾರಿಗೂ ಬರಲಿಲ್ಲ. ಅವನು ಸತ್ತ ಮೇಲೆ ಮುಜಾನ್, ಕೊಕುಶಿಬೊ (ರಾಕ್ಷಸನಾದ ಮೇಲೆ ಅಣ್ಣನ ಹೆಸರು ಅದು) ಸೇರಿ ಆ ವಿದ್ಯೆಯ ಪರಿಚಯ ಇದ್ದವರನ್ನೆಲ್ಲ ಹುಡುಕಿ ಹುಡುಕಿ ಕೊಂದರು. ಇದ್ದಿಲು ಮಾರುವವನ ಮನೆ ಕಡೆ ಯಾರು ನೋಡುತ್ತಾರೆ? ಅಲ್ಲಿ ಅದು ಕತ್ತಿವರಸೆಯಾಗಿ ಇರಲೇ ಇಲ್ಲ. ಹೊಸ ವರ್ಷಕ್ಕೆ ಬೆಂಕಿ ದೇವರ ಮುಂದೆ ಸಂಜೆಯಿಂದ ಬೆಳಗಿನವರೆಗೆ ಕುಣಿಯುವ ಕುಣಿತವಾಗಿತ್ತು, ಹಿನೊಕಾಮಿ ಕಗುರಾ. ಅರ್ಥ ಮರೆತರೂ ಒಂದು ಸಾಲು ಬಿಡದೆ ಸೋಬಾನೆ ಹಾಡುತ್ತಿದ್ದರಲ್ಲ ನಿನ್ನ ಮುತ್ತಜ್ಜಿ, ಹಾಗೆ.

ಕಗುರಾ ಅನ್ನುವುದು ಕಥೆಗಾಗಿ ಹುಟ್ಟಿಸಿದ್ದಲ್ಲ. ಜಪಾನಿನ ಮಿಯಾಜಾಕಿ ಕಡೆ ತಾಕಾಚಿಹೋ ಹಳ್ಳಿಗಳಲ್ಲಿ ಈಗಲೂ ನವೆಂಬರಿನಿಂದ ಫೆಬ್ರವರಿವರೆಗೆ ರಾತ್ರಿಯಿಡೀ ಕುಣಿಯುತ್ತಾರೆ, ಒಟ್ಟು 33 ಕುಣಿತ. ಕುಣಿಯುವವರು ಊರಿನವರೇ.

ತಂಜಿರೋ ಅಪ್ಪ ತಂಜೂರೊನ ನೋಡು. ಹಾಸಿಗೆ ಹಿಡಿದ ರೋಗಿ, ಕಡ್ಡಿ ಹಾಗಿದ್ದಾನೆ, ಹಿಮದಲ್ಲಿ ಬೆಳಗಿನವರೆಗೆ ಕುಣಿಯುತ್ತಾನೆ. ಎಷ್ಟು ಆಡಿದರೂ ಸುಸ್ತಾಗದ ಹಾಗೆ ಉಸಿರಾಡುವ ಕ್ರಮ ಒಂದಿದೆ ಅಂತ ಮಗನಿಗೆ ಹೇಳುತ್ತಾನೆ. ಈ ಕುಣಿತ, ಈ ಓಲೆ ಎರಡನ್ನೂ ತಪ್ಪದೆ ಮುಂದಿನವರಿಗೆ ಕೊಡು, ಮಾತು ಕೊಟ್ಟಿದ್ದೇವೆ ಅನ್ನುತ್ತಾನೆ. 2019ರ ಆಗಸ್ಟಿನಲ್ಲಿ ಬಂದ ಟಿವಿ ಸರಣಿಯ ಆ ಹತ್ತೊಂಬತ್ತನೇ ಕಂತು, ರಾಕ್ಷಸ ರುಯಿ ಎದುರು ಕತ್ತಿ ಮುರಿದು ಸಾಯುವ ಹೊತ್ತಿನಲ್ಲಿ ತಂಜಿರೋಗೆ ನೆನಪಾಗುವುದು ಇದೇ ಹಿಮ, ಇದೇ ಕುಣಿತ. ಕೊನೆಗೆ ಮುಜಾನ್ ಎದುರು ನಿಂತಾಗ ಗುಟ್ಟು ಬಿಚ್ಚುತ್ತದೆ. ಮುಜಾನ್ ಮೈಯಲ್ಲಿ ಏಳು ಹೃದಯ, ಐದು ಮೆದುಳು. ಕುಣಿತದ ವರಸೆ ಹನ್ನೆರಡು. ಹನ್ನೆರಡನೆಯದು ಮುಗಿದ ಕೂಡಲೇ ಮೊದಲನೆಯದಕ್ಕೆ ಸೇರುತ್ತದೆ, ಹಾಗೆ ನಿಲ್ಲಿಸದೆ ಸೂರ್ಯ ಹುಟ್ಟುವವರೆಗೆ. ಅದೇ ಹದಿಮೂರನೆಯದು. ರಾತ್ರಿಯಿಡೀ ಕುಣಿಯುವುದು ಯಾಕೆ ಅಂತ ಆ ಮನೆಯವರು ಯಾರೂ ಕೇಳಿರಲಿಲ್ಲ, ಕುಣಿಯುತ್ತಾ ಬಂದರು ಅಷ್ಟೇ.

ಇನ್ನು ತಮಾಯೊ. ಅವಳನ್ನು ಬಿಟ್ಟಿದ್ದಕ್ಕೆ ತಾನೇ ಯೊರೀಚಿಯನ್ನು ದಳದಿಂದ ದೂಡಿದ್ದು? ಅವತ್ತು ಮುಜಾನ್ ಚೂರು ಚೂರಾಗಿ ಸಿಡಿದು ಓಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನಾನೂರು ವರ್ಷದ ಮೇಲೆ ಅವಳು ಅವನ ಮೈಗೆ ಸೇರಿಸಿದ ಮದ್ದಿನಲ್ಲಿ ಒಂದು ಅವನನ್ನು ಹಾಗೆ ಸಿಡಿಯದಂತೆ ತಡೆಯುವುದಕ್ಕೇ ಇತ್ತು. ಇನ್ನೊಂದು ಅವನಿಗೆ ಒಂಬತ್ತು ಸಾವಿರ ವರ್ಷದ ಮುಪ್ಪು ತಂದಿತು. ದಳದ ಹಿರಿಯರ ಲೆಕ್ಕದಲ್ಲಿ ಅವಳನ್ನು ಬಿಟ್ಟಿದ್ದು ಯೊರೀಚಿ ಮಾಡಿದ ಅಪರಾಧ.

ಒಂದು ವಿಷಯದಲ್ಲಿ ನನಗೆ ಯೊರೀಚಿ ಮೇಲೆ ತಕರಾರಿದೆ. ಅಣ್ಣ ಹೊಟ್ಟೆ ಉರಿದುಕೊಂಡು ಕೇಳಿದಾಗ ಅವನು ನಗಬಾರದಿತ್ತು. ಎಲ್ಲ ಬರುವವರಿಗೆ, ಬಾರದವರ ಸಂಕಟ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಸೋತ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸುಮಿಯೋಶಿಯೂ ಒಪ್ಪಲಿಲ್ಲ. ಹೊರಟು ನಿಂತ ಯೊರೀಚಿ ಏನೂ ಹೇಳದೆ ಕಿವಿಯ ಓಲೆ ಬಿಚ್ಚಿ ಕೊಟ್ಟು ನಡೆದಾಗ, ಹಿಂದಿನಿಂದ ಕೂಗಿ ಹೇಳಿದ, ನೀವು ಏನೂ ಮಾಡಲಿಲ್ಲ ಅಂತ ಯಾರಿಂದಲೂ ಅನ್ನಿಸುವುದಿಲ್ಲ, ಇದನ್ನು ನಾನು ಮುಂದೆ ತಲುಪಿಸುತ್ತೇನೆ ಅಂತ. ಅವನಿಗೆ ಕತ್ತಿ ಹಿಡಿಯಲೂ ಬರುತ್ತಿರಲಿಲ್ಲ ಕಣೇ.

ನಿನ್ನ ಕ್ಲಾಸಿನ ಹುಡುಗಿ ವಿಷಯ. ಅವಳ ಪಕ್ಕ ಕೂತು ಒಂದು ದಿನ ನೋಡು, ಹೇಗೆ ಮಾಡ್ತೀಯ, ತೋರಿಸು ಅಂತ ಕೇಳು. ಸಂಕೋಚ ಬೇಡ. ಅವಳು ಗಾಳಿಪಟದ ಮಾತು ತೆಗೆದರೆ ಅದನ್ನೂ ಕೇಳಿಸಿಕೋ, ಅವಳಿಗೂ ಮಾತಾಡಲು ಜನ ಬೇಕಿರಬಹುದು.

ರಜೆಗೆ ಬರುವಾಗ 21ನೇ ಸಂಪುಟ ಮರೆಯದೆ ತಾ. ನನ್ನ ಹತ್ತಿರ ಇಪ್ಪತ್ತರವರೆಗೆ ಮಾತ್ರ ಇದೆ, ಎದುರು ಮನೆ ಹುಡುಗ ದಿನಾ ಬಂದು ಆಂಟಿ ಮುಂದೇನಾಯ್ತು ಅಂತ ಪ್ರಾಣ ತಿನ್ನುತ್ತಿದ್ದಾನೆ, ನಾನೇ ಬಾಯಿ ತಪ್ಪಿ ಹೇಳಿಬಿಡುವ ಮೊದಲು ಓದಲಿ. ಸರಿಯಾಗಿ ಊಟ ಮಾಡು. ಭಾನುವಾರ ನಾನೇ ಫೋನ್ ಮಾಡುತ್ತೇನೆ.

ನಿನ್ನ ಅಮ್ಮ