ಡಾಕ್ಟರ್ ಮುಂದೆ ಮುಚ್ಚಿಡಬೇಡ

ಸಿಂಧನೂರು

ಪುಟ್ಟವ್ವಗೆ ದೊಡ್ಡವ್ವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಅಳುವಾಗ ಮನೆ ತುಂಬ ಜನ ಇದ್ದರು. ಬಾಯಿಬಿಟ್ಟು ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಹರ್ಪಿಸ್, ಗುಪ್ತಾಂಗದಲ್ಲಿ ಗುಳ್ಳೆ ಏಳಿಸುವ ಆ ವೈರಸ್ಸು, ನಾಲ್ಕು ವರ್ಷ ಹಳೆಯದು, ಅಲ್ವಾ? ಹಳೆಯದಾಗಿದ್ದೇ ಒಳ್ಳೆಯದಾಯಿತು. ಹೆರಿಗೆ ಹತ್ತಿರ ಬಂದಾಗ ಮೊದಲ ಸಲ ಅಂಟಿದರೆ ಮಗುವಿಗೆ ತಗಲುವ ಭಯ ನೂರಕ್ಕೆ 30ರಿಂದ 50. ನಿನ್ನಂಥವರಲ್ಲಿ ಅದು 3 ದಾಟುವುದಿಲ್ಲ. ಇಷ್ಟು ದಿನ ನಿನ್ನ ಮೈ ಕಟ್ಟಿಕೊಂಡ ಶಕ್ತಿ ಹೊಟ್ಟೆಯಲ್ಲಿರುವಾಗಲೇ ಮಗುವಿಗೂ ಹೋಗಿರುತ್ತದೆ.

ನನ್ನ ಚಿಂತೆ ಬೇರೆ. ಕುಬಸ ಮುಗಿಸಿ ತವರಿಗೆ ಬರುತ್ತೀ. ಬೆಂಗಳೂರಿನ ಡಾಕ್ಟರಿಗೆ ಎಲ್ಲ ಗೊತ್ತು, ರಾಯಚೂರಿನವರಿಗೆ ಏನೂ ಗೊತ್ತಿಲ್ಲ. ತಾಯಿ ಕಾರ್ಡಿನಲ್ಲೂ ಬರೆಸಿಲ್ಲ ಅಂದೆ. ಬಂದ ವಾರವೇ ತೋರಿಸಿಕೊ, ಮೊದಲ ಮಾತೇ ಇದಾಗಲಿ. ನಿಮ್ಮವ್ವ ಒಳಗೆ ಬರುತ್ತೇನೆ ಅಂದರೆ ನಾನು ಹೊರಗೆ ಕೂರಿಸಿಕೊಳ್ಳುತ್ತೇನೆ. ಅಳಿಯನಿಗೆ ಹೇಳಿದ್ದೀ, ಸಾಕು. ಅತ್ತೆಗೆ ಯಾಕೆ? ಲೇಬರ್ ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತವಳು ನಾನು, ಅಲ್ಲಿ ಇಂಥದ್ದಕ್ಕೆ ಯಾರೂ ಮುಖ ಎತ್ತಿಯೂ ನೋಡುವುದಿಲ್ಲ.

36ನೇ ವಾರದಿಂದ ಈ ವೈರಸ್ಸನ್ನು ಅದುಮಿಡುವ ಅಸೈಕ್ಲೋವಿರ್ ಮಾತ್ರೆ ಬರೆಯುತ್ತಾರೆ. ಸಾಮಾನ್ಯವಾಗಿ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಹೆರಿಗೆ ಆಗುವ ತನಕ. ಬಸುರಿಯರಿಗೆ ಎಷ್ಟೋ ವರ್ಷದಿಂದ ಕೊಡುತ್ತಿರುವುದೇ, ಹೆದರಬೇಡ. ಆದರೆ ಮೆಡಿಕಲ್ ಶಾಪಿನಲ್ಲಿ ನೀನೇ ಕೇಳಿ ತಗೋಬೇಡ.

ನೋವು ಶುರುವಾದ ದಿನ ಅಲ್ಲಿ ಗುಳ್ಳೆ ಇದ್ದರೆ ಹೇಳು. ಗುಳ್ಳೆ ಏಳುವ ಮೊದಲಿನ ಆ ಉರಿ, ಜುಮುಜುಮು ಇದ್ದರೂ ಹೇಳು. ಆಗ ಸಿಜೇರಿಯನ್ ಮಾಡುತ್ತಾರೆ. ಏನೂ ಇಲ್ಲದಿದ್ದರೆ ಇದೊಂದಕ್ಕಾಗಿ ಹೊಟ್ಟೆ ಕೊಯ್ಯಬೇಕಿಲ್ಲ.

ನಮ್ಮ ಕಡೆ ಗುಳ್ಳೆ ಕಂಡರೆ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚುವವರಿದ್ದಾರೆ. ಸರ್ಪಸುತ್ತು ಬೇರೆ ವೈರಸ್ಸು, ಚಿಕನ್ ಪಾಕ್ಸಿನದು. ಯಾರಾದರೂ ಬಟ್ಟಲು ಹಿಡಿದು ಬಂದರೆ ಸುಮ್ನೆ ತಲೆ ಆಡಿಸು, ಹಚ್ಚಿಸಿಕೊಳ್ಳಬೇಡ.

ಎದೆಹಾಲು ಧಾರಾಳವಾಗಿ ಕುಡಿಸು. ಮೊಲೆಯ ಮೇಲೆ ಗುಳ್ಳೆ ಎದ್ದರೆ ಮಾತ್ರ ಆ ಕಡೆ ಬೇಡ. ನನಗೆ ಜಾಸ್ತಿ ಭಯ ಮಗು ನೋಡಲು ಬರುವವರದ್ದು. ತುಟಿಯಲ್ಲಿ ಗುಳ್ಳೆ ಇಟ್ಟುಕೊಂಡೇ ಕೂಸಿಗೆ ಮುದ್ದು ಕೊಡುತ್ತಾರೆ. ಅವರನ್ನು ನನಗೆ ಬಿಡು, ಕೆಟ್ಟವಳಾದರೂ ಪರವಾಗಿಲ್ಲ. ಮೊದಲ ನಾಲ್ಕು ವಾರ ಕೂಸು ಹಾಲು ಬಿಟ್ಟರೆ, ಮಂಕಾದರೆ, ಜ್ವರ ಬಂದರೆ, ಮೈಮೇಲೆ ಗುಳ್ಳೆ ಕಂಡರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಬರುವಾಗ ಬೆಂಗಳೂರಿನ ಚೀಟಿಗಳನ್ನೆಲ್ಲ ತಾ. ಕುಬಸಕ್ಕೆ ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ಬಳೆ ಅಳತೆ ಬದಲಾಗಿದ್ದರೆ ಫೋನ್ ಮಾಡು.

ನಿನ್ನ ದೊಡ್ಡವ್ವ