ಗೇಮಿಂಗ್ ಪಿಸಿ: ಬಿಲ್ಲಿನಲ್ಲಿ ಪೂರ್ಣ ವಿವರ ಇರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಅಂಗಡಿಗಳವರೆಗೆ ‘ಐ7 ಗೇಮಿಂಗ್ ಪಿಸಿ, ಅಗ್ಗದ ದರ’ ಎಂಬ ಫಲಕಕ್ಕೆ ಮಕ್ಕಳೂ ಪೋಷಕರೂ ಮರುಳಾಗುತ್ತಿದ್ದಾರೆ. ಐ7 ಎಂಬುದು ಇಂಟೆಲ್ ಕಂಪನಿಯ ಒಂದು ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಶ್ರೇಣಿಯ ಹೆಸರು; ಆದರೆ ಅದು ಎಷ್ಟನೇ ತಲೆಮಾರಿನದು ಎಂಬುದನ್ನು ಫಲಕ ಹೇಳುವುದಿಲ್ಲ. 2011ರ ಐ7-2600 ಪ್ರೊಸೆಸರನ್ನು ಅದೇ ಕಂಪನಿಯ ಕೆಳ ಶ್ರೇಣಿಯದಾದ 2022ರ ಐ3-12100 ಸುಲಭವಾಗಿ ಹಿಂದಿಕ್ಕುತ್ತದೆ. ಮೇಲಾಗಿ ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ.

ಕಡಿಮೆ ಖರ್ಚಿನಲ್ಲಿ ತಾವೇ ಜೋಡಿಸಿಕೊಳ್ಳುವವರು ಮೊದಲು ಆಟದ ದೃಶ್ಯಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಪ್ರೊಸೆಸರ್ ಹಾಗೂ ಮದರ್‌ಬೋರ್ಡ್ ಆರಿಸುವುದು ಸೂಕ್ತ. ಆದರೆ ಹೊಂದಾಣಿಕೆ ನೋಡಲೇಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಪಿಸಿಐಇಯ (ಕಾರ್ಡನ್ನು ಮದರ್‌ಬೋರ್ಡಿಗೆ ಬೆಸೆಯುವ ಸಂಪರ್ಕ ಮಾರ್ಗ) ನಾಲ್ಕೇ ಲೇನ್‌ಗಳನ್ನು ಬಳಸುವುದರಿಂದ, ಅದರ ಹಳೆಯ, ನಿಧಾನದ ಆವೃತ್ತಿಯಾದ ಪಿಸಿಐಇ 3.0ಕ್ಕೆ ಸೀಮಿತವಾದ ರೈಜೆನ್ 5 5500 ಪ್ರೊಸೆಸರಿನೊಂದಿಗೆ ಸೇರಿಸಿದರೆ ಕೆಲವು ಆಟಗಳಲ್ಲಿ ಅದರ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ. ಎಂಟು ಲೇನ್‌ಗಳ ಆರ್‌ಎಕ್ಸ್ 6600ರಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. 16 ಜಿಬಿಯ ಒಂದೇ ರ‍್ಯಾಮ್‌ಗಿಂತ 8 ಜಿಬಿಯ ಎರಡು ಲೇಸು.

ಎಲ್ಲಕ್ಕಿಂತ ಹೆಚ್ಚು ಕಳವಳ ತರುವುದು ಬಿಡಿಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ವಿಚಾರ. ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬರುವ, ಮೇಲೆ ದೊಡ್ಡದಾಗಿ ‘450 ವ್ಯಾಟ್’ ಎಂದು ಬರೆದಿರುವ ಪೆಟ್ಟಿಗೆಯನ್ನು ನಂಬಿ ದುಬಾರಿ ಕಾರ್ಡ್ ಅಳವಡಿಸುವುದು ಅಪಾಯಕರ. ಅದರ ಬದಿಯ ಚೀಟಿಯಲ್ಲಿ 12 ವೋಲ್ಟ್‌ಗೆ 20 ಆಂಪಿಯರ್ ಎಂದಿದ್ದರೆ, ಕಾರ್ಡ್ ಮತ್ತು ಪ್ರೊಸೆಸರ್ ಎರಡಕ್ಕೂ ಸೇರಿ ದೊರೆಯುವುದು 240 ವ್ಯಾಟ್ ಮಾತ್ರ. ಈ ಲೆಕ್ಕವನ್ನು ಗ್ರಾಹಕರಿಗೆ ತಿಳಿಸಿಹೇಳುವುದು ಮಾರುವವರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ಪ್ರತಿ ಬಿಡಿಭಾಗದ ಪೂರ್ಣ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ವಾರಂಟಿ ಅವಧಿ ಹಾಗೂ ಅದು ಹೊಸದೋ ಬಳಸಿದ್ದೋ ಎಂಬುದನ್ನು ಬಿಲ್ಲಿನಲ್ಲಿ ನಮೂದಿಸುವಂತೆ ವ್ಯಾಪಾರಿಗಳಿಗೆ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ.

– ಓದುಗ, ತುಮಕೂರು